ಅಳತೆಯ ಕಸುಬು: ಪೂರ್ವ ಬೆಂಗಳೂರಿನ ಕಿರುಮಾದರಿಗಳ ಇತಿಹಾಸ

ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ರಸ್ತೆಯಿಂದ ಮುರುಗೇಶಪಾಳ್ಯದ ಕಡೆಗೆ ಒಡೆಯುವ ದಾರಿಯನ್ನು ಜನರು ವಿಂಡ್ ಟನಲ್ ರಸ್ತೆ ಎಂದು ಕರೆಯುತ್ತಾರೆ. ವಿಂಡ್ ಟನಲ್ ಎಂದರೆ ಗಾಳಿಯ ಸುರಂಗ. ವಿಮಾನ ಅಥವಾ ರಾಕೆಟ್ಟಿನ ಚಿಕ್ಕ ಮಾದರಿಯೊಂದನ್ನು ಅದರೊಳಗೆ ನಿಲ್ಲಿಸಿ, ಅದರ ಮೇಲೆ ವೇಗವಾಗಿ ಗಾಳಿ ಹಾಯಿಸಿ, ನಿಜವಾದ ಯಂತ್ರದ ಮೇಲೆ ಬೀಳಬಹುದಾದ ಒತ್ತಡ ಮತ್ತು ಸೆಳೆತಗಳನ್ನು ಅಳೆಯುವ ಸಾಧನ. ಬಡಾವಣೆಯೊಂದರ ರಸ್ತೆಗೆ ಇಂಥ ಹೆಸರು ನಿಂತಿರುವುದು ಆಕಸ್ಮಿಕವಲ್ಲ. ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗೆ ಹಬ್ಬಿದ ಈ ಭಾಗದಲ್ಲಿ ಕಿರುಮಾದರಿ ಕಟ್ಟುವುದು ಹವ್ಯಾಸವಾಗುವ ಮೊದಲೇ ಕಸುಬಾಗಿತ್ತು. ಇಂದು ಮೇಜಿನ ಮೇಲೆ ಪುಟ್ಟ ಕಾರನ್ನೋ ವಿಮಾನವನ್ನೋ ಕಟ್ಟುವ ಹವ್ಯಾಸಿಯ ಶಿಸ್ತನ್ನು ಅರಿಯಬೇಕಾದರೆ ಆ ಕಸುಬಿನ ಇತಿಹಾಸವನ್ನು ಮೊದಲು ನೋಡಬೇಕಾಗುತ್ತದೆ.

ಕಿರುಮಾದರಿಗೂ ಆಟಿಕೆಗೂ ಇರುವ ಅಂತರ ಗಾತ್ರದ್ದಲ್ಲ, ಅಳತೆಯದು. ಚನ್ನಪಟ್ಟಣದ ಆಲೆಮರದ ಬಂಡಿಗೆ ಚಕ್ರ ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ, ಏಕೆಂದರೆ ಅದು ಯಾವ ನಿಜವಾದ ಬಂಡಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಕಿರುಮಾದರಿಯಾದರೋ ಮೂಲದ ಪ್ರತಿಯೊಂದು ಭಾಗವನ್ನೂ ಒಂದೇ ಅನುಪಾತದಲ್ಲಿ ಕಿರಿದಾಗಿಸಬೇಕು. ಸುಮಾರು 4.3 ಮೀಟರ್ ಉದ್ದದ ಅಂಬಾಸಡರ್ ಕಾರು 1:24ರ ಅಳತೆಯಲ್ಲಿ 18 ಸೆಂಟಿಮೀಟರ್, 1:43ರಲ್ಲಿ 10 ಸೆಂಟಿಮೀಟರ್, 1:64ರಲ್ಲಿ ಏಳು ಸೆಂಟಿಮೀಟರಿಗೂ ಕಡಿಮೆ ಆಗುತ್ತದೆ. ಉದ್ದ ಹತ್ತರಲ್ಲೊಂದಕ್ಕೆ ಇಳಿದರೆ ಮೇಲ್ಮೈ ನೂರರಲ್ಲೊಂದಕ್ಕೂ ಘನಗಾತ್ರ ಸಾವಿರದಲ್ಲೊಂದಕ್ಕೂ ಇಳಿಯುತ್ತದೆಂಬ ಗಣಿತವೇ ಈ ಕೆಲಸದ ತೊಡಕಿನ ಮೂಲ. ಒಂದು ಮಿಲಿಮೀಟರಿಗಿಂತ ತೆಳುವಾದ ಕಾರಿನ ತಗಡನ್ನು 1:24ಕ್ಕೆ ಇಳಿಸಿದರೆ ಅದು ಕಾಗದಕ್ಕಿಂತಲೂ ತೆಳುವಾಗಬೇಕು, ಆದರೆ ಅಷ್ಟು ತೆಳುವಾದ ಮೈ ಬೆರಳಿನ ಒತ್ತಡಕ್ಕೇ ಮುದುಡುತ್ತದೆ. ಆದ್ದರಿಂದ ಅಂಚನ್ನು ಮಾತ್ರ ಕೆರೆದು ತೆಳುವಾಗಿ ತೋರಿಸಿ, ಒಳಗೆ ದಪ್ಪ ಉಳಿಸುವ ಉಪಾಯವನ್ನು ಮಾದರಿಗಾರರು ಕಂಡುಕೊಂಡರು.

1809ರಲ್ಲಿ ಹಲಸೂರಿನ ಸುತ್ತ ಬ್ರಿಟಿಷ್ ಸೇನೆಯ ದಂಡು ನೆಲೆಯಾದ ಮೇಲೆ, ಪೇಟೆಗಿಂತ ಬೇರೆಯದೇ ಆದ ಒಂದು ಊರು ಇಲ್ಲಿ ಬೆಳೆಯಿತು. ಅವೆರಡೂ ಒಂದೇ ನಗರಪಾಲಿಕೆಯಡಿ ಸೇರಿದ್ದು 1949ರಲ್ಲಿ. ಅತ್ತ ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ ಮೆಕ್ಯಾನೊ, ಅಂದರೆ ತೂತು ಕೊರೆದ ಲೋಹದ ಪಟ್ಟಿಗಳನ್ನು ನಟ್ಟು-ಬೋಲ್ಟುಗಳಿಂದ ಜೋಡಿಸುವ ಸಾಮಾನು, ಮಕ್ಕಳ ಕೈಗೆ ಯಂತ್ರವಿದ್ಯೆಯ ಮೊದಲ ಪಾಠವನ್ನು ಕೊಟ್ಟಿತು. ಅವರದೇ ಸಂಸ್ಥೆ 1934ರಲ್ಲಿ ಡಿಂಕಿ ಎಂಬ ಹೆಸರಿಟ್ಟ ಎರಕದ ಪುಟ್ಟ ಕಾರುಗಳು ಮೊದಲು ಆಟದ ರೈಲಿನ ಪಕ್ಕದಲ್ಲಿ ನಿಲ್ಲಿಸುವ ಅಲಂಕಾರವಾಗಿದ್ದವು. ಒಂದು ಅಡಿಗೆ ಏಳು ಮಿಲಿಮೀಟರ್ ಎಂಬ ಆ ರೈಲುಗಳ ಲೆಕ್ಕವೇ ಇಂದಿಗೂ ಕಾರುಗಳ ಸಂಗ್ರಾಹಕರು ಬಳಸುವ 1:43ರ ಮೂಲ. ಬ್ರಿಟಿಷ್ ಕುಟುಂಬಗಳು ನೆಲೆಸಿದ್ದ ದಂಡಿನ ಮನೆಗಳಿಗೆ ಇಂಥ ಸಾಮಾನುಗಳು ಬರುವುದು ಸಹಜವಾಗಿತ್ತು. ಆದರೆ ಅವು ಕೊಂಡು ತಂದ ವಸ್ತುಗಳೇ ಹೊರತು ಇಲ್ಲಿ ಕಟ್ಟಿದವಲ್ಲ.

ಕಟ್ಟುವ ಕೆಲಸ ನೆಲೆಯೂರಿದ್ದು 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್.ಎ.ಎಲ್.) ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ. ಎರಡನೆಯ ಮಹಾಯುದ್ಧದ ನಡುವೆ ಅಮೆರಿಕದ ವಾಯುಪಡೆಯು ಈ ಕಾರ್ಖಾನೆಯನ್ನು ವಿಮಾನ ದುರಸ್ತಿಯ ನೆಲೆಯಾಗಿ ಬಳಸಿತು. ಅದೇ ಯುದ್ಧಕಾಲದಲ್ಲಿ, ಆಕಾಶದಲ್ಲಿ ಕಾಣುವ ವಿಮಾನ ತಮ್ಮದೋ ಶತ್ರುವಿನದೋ ಎಂದು ಸೈನಿಕರು ಗುರುತಿಸುವುದನ್ನು ಕಲಿಯಲೆಂದು ಅಮೆರಿಕದ ನೌಕಾಪಡೆಯು 1942ರಲ್ಲಿ ಶಾಲೆಗಳ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತ್ತು. ಆರು ಅಡಿಗೆ ಒಂದು ಅಂಗುಲ ಎಂಬ ಲೆಕ್ಕದ ಆ 1:72ರ ಅಳತೆಯೇ ಮುಂದೆ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳಲ್ಲಿ ಬಳಕೆಯಾಯಿತು. ಹವ್ಯಾಸಿಗಳ ಅನುಪಾತಗಳು ಹೀಗೆ ರೈಲಿನಿಂದಲೂ ಯುದ್ಧದಿಂದಲೂ ನೆಲೆಗೊಂಡವು.

ಸ್ವಾತಂತ್ರ್ಯದ ನಂತರ ಈ ಭಾಗವು ಕಾರ್ಖಾನೆಗಳ ಸಾಲಾಯಿತು. ದೂರವಾಣಿನಗರದಲ್ಲಿ 1948ರಲ್ಲಿ ದೂರವಾಣಿ ತಯಾರಿಸುವ ಐ.ಟಿ.ಐ., ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಯಂತ್ರಗಳ ಎನ್.ಜಿ.ಇ.ಎಫ್., ಎಚ್.ಎ.ಎಲ್.ನ ರೈಲು ಬೋಗಿ ವಿಭಾಗವನ್ನು ವಹಿಸಿಕೊಂಡು 1965ರಲ್ಲಿ ಕೆಲಸ ಆರಂಭಿಸಿದ ಬಿ.ಇ.ಎಂ.ಎಲ್., ಹೀಗೆ ಒಂದರ ಹಿಂದೆ ಒಂದು ಕಾರ್ಖಾನೆ ಬಂದವು. ಎರಕದ ಕೆಲಸ ಇರುವ ಕಡೆಯಲ್ಲೆಲ್ಲ ಪ್ಯಾಟರ್ನ್ ಮೇಕರ್ ಎಂಬ ಕುಶಲಕರ್ಮಿ ಬೇಕು. ಕರಗಿದ ಲೋಹ ಹೊಯ್ಯುವ ಮರಳಿನ ಅಚ್ಚಿಗೆ ಆಕಾರ ಕೊಡುವ ಮರದ ಮಾದರಿಯನ್ನು ಕೆತ್ತುವವನು ಅವನೇ. ಲೋಹವು ತಣ್ಣಗಾಗುವಾಗ ಕುಗ್ಗುವುದರಿಂದ ಮರದ ಮಾದರಿಯು ಬೇಕಾದ ಭಾಗಕ್ಕಿಂತ ಸ್ವಲ್ಪ ದೊಡ್ಡದಿರಬೇಕು: ಅಲ್ಯೂಮಿನಿಯಂ ಮೀಟರಿಗೆ ಸುಮಾರು 13 ಮಿಲಿಮೀಟರ್, ಬೀಡುಕಬ್ಬಿಣ ಸುಮಾರು 10 ಮಿಲಿಮೀಟರ್ ಕುಗ್ಗುತ್ತವೆ. ಅದಕ್ಕಾಗಿ ಈ ಕೆಲಸಗಾರರು ಗೆರೆಗಳನ್ನೇ ಹಿಗ್ಗಿಸಿ ಕೆತ್ತಿದ ವಿಶೇಷ ಅಳತೆಕೋಲನ್ನು ಬಳಸುತ್ತಿದ್ದರು. ಇದು ಹವ್ಯಾಸಿಯ ಕೆಲಸದ ತಿರುವುಮುರುವು ಎನ್ನಬಹುದು: ಅವನು ಕಿರಿದಾಗಿಸಿದರೆ ಇವನು ಹಿರಿದಾಗಿಸುತ್ತಾನೆ, ಆದರೆ ನಕ್ಷೆಗೆ ನಿಷ್ಠೆ ಇಬ್ಬರದೂ ಒಂದೇ.

ವಿನ್ಯಾಸದ ಕೆಲಸದಲ್ಲಿ ಮಾದರಿಯ ಸ್ಥಾನ ಇದಕ್ಕಿಂತಲೂ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವಿಮಾನ ವಿಜ್ಞಾನ ವಿಭಾಗದಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆಯವರು ಮುಂದೆ ಎಚ್.ಎ.ಎಲ್.ಗೆ ಮರಳಿ ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಜರ್ಮನಿಯ ವಿನ್ಯಾಸಕ ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ಮಾರುತ್ ಯುದ್ಧವಿಮಾನ ರೂಪುಗೊಂಡಾಗ, ಅದರ ಆಕಾರ ಹಾರಾಟದಲ್ಲಿ ಹೇಗೆ ವರ್ತಿಸುವುದೆಂದು ತಿಳಿಯಲು ಮೂಲದಷ್ಟೇ ಗಾತ್ರದ, ಇಂಜಿನ್ನೇ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆಸಿ ಹಾರಿಸಲಾಯಿತು. ಅಳತೆ ಒಂದಕ್ಕೊಂದು ಆದರೂ ಅದು ಮಾದರಿಯೇ, ಏಕೆಂದರೆ ಅದು ಹುಟ್ಟಿದ್ದು ಯುದ್ಧಕ್ಕಲ್ಲ, ಉತ್ತರ ಹೇಳುವುದಕ್ಕೆ. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಅದನ್ನು ಹಾರಿಸಿದ ಸುರಂಜನ್ ದಾಸ್ ಅವರು 1970ರಲ್ಲಿ ಮಾರುತ್ ಅಪಘಾತದಲ್ಲಿಯೇ ಮಡಿದರು, ಅವರ ಹೆಸರಿನ ರಸ್ತೆ ಇಂದಿಗೂ ಎಚ್.ಎ.ಎಲ್. ಪಕ್ಕದಲ್ಲಿದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1967ರಲ್ಲಿ ಬೆಂಗಳೂರಿನಲ್ಲೇ ಇರುವ ತನ್ನ ಬೇಲೂರು ಆವರಣದಲ್ಲಿ ಚಾಲನೆಗೆ ತಂದ 1.2 ಮೀಟರ್ ಚದರದ ಸುರಂಗವೇ ವಿಂಡ್ ಟನಲ್ ರಸ್ತೆಗೆ ಹೆಸರು ಕೊಟ್ಟದ್ದು. ದೊಡ್ಡ ತೊಟ್ಟಿಗಳಲ್ಲಿ ಒತ್ತಿಟ್ಟ ಗಾಳಿಯನ್ನು ಒಮ್ಮೆಗೇ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಶಬ್ದದ ವೇಗಕ್ಕಿಂತ ಕಡಿಮೆಯಿಂದ ಹಿಡಿದು ಅದರ ನಾಲ್ಕು ಪಟ್ಟಿನವರೆಗಿನ ವೇಗದಲ್ಲಿ ಮಾದರಿಯನ್ನು ಪರೀಕ್ಷಿಸುವ ಏರ್ಪಾಡು ಅದು. ಅಲ್ಲಿ ಮಾದರಿಯ ಮೇಲ್ಮೈಯಲ್ಲಿ ಒಂದು ಉಬ್ಬು ತಪ್ಪಿದರೆ ಅಂಕಿಗಳೆಲ್ಲ ತಪ್ಪುತ್ತವೆ.

ಹವ್ಯಾಸಿಗಳ ಪಾಲಿಗೆ ಆ ದಶಕಗಳು ಕೊರತೆಯ ಕಾಲವಾಗಿದ್ದವು. ಆಮದಿನ ಮೇಲಿನ ನಿರ್ಬಂಧದಿಂದ ವಿದೇಶಿ ಕಿಟ್‌ಗಳು ಸಿಗುವುದು ಅಪರೂಪವಾಗಿತ್ತು; ಡಿಂಕಿಯ ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು ಅವುಗಳಿಂದ ನಿಕ್ಕಿ ಟಾಯ್ಸ್ ಎಂಬ ಹೆಸರಿನ ಎರಕದ ಕಾರುಗಳು ತಯಾರಾದವು, ಹಾರುವ ಮಾದರಿಗಳಿಗೆ ಬೇಕಾದ ಅರೋರಾ ಎಂಬ ಪುಟ್ಟ ಡೀಸೆಲ್ ಇಂಜಿನ್ನುಗಳೂ ಅದೇ ಊರಿನಿಂದ ಬರುತ್ತಿದ್ದವು. ಎನ್.ಸಿ.ಸಿ.ಯ ವಾಯುದಳವು ಬಾಲ್ಸಾ ಎಂಬ ಹಗುರ ಮರದಿಂದ ಹಾರುವ ಮಾದರಿ ಕಟ್ಟುವುದನ್ನು ತರಬೇತಿಯ ಭಾಗವಾಗಿಸಿದ್ದರಿಂದ ಕಾಲೇಜು ವಿದ್ಯಾರ್ಥಿಗಳಿಗೂ ಈ ವಿದ್ಯೆ ದಕ್ಕಿತು. ಕೊಳ್ಳಲು ಸಿಗದಿದ್ದಾಗ ಕೈಯಲ್ಲಿ ಉಳಿಯುವುದು ನಕ್ಷೆ ಮಾತ್ರ. ಆದ್ದರಿಂದ ಹವ್ಯಾಸಿಗಳ ನಡುವಿನ ಕೊಡುಕೊಳ್ಳುವಿಕೆಯಲ್ಲಿ ವಸ್ತುವಿಗಿಂತ ನಕ್ಷೆಗೇ ಬೆಲೆ ಹೆಚ್ಚಿತ್ತು.

ಮಾಡಿದ್ದನ್ನು ತೋರಿಸುವ ವಾಡಿಕೆಯಂತೂ ಈ ನಾಡಿಗೆ ಹೊಸದಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಗಳ ಕೆಳಗೆ ಪಾರ್ಕು, ಸಂತೆ, ರೈಲು, ರಸ್ತೆಗಳನ್ನು ಜೋಡಿಸಿ ನೆರೆಯವರನ್ನು ಕರೆದು ತೋರಿಸುವುದು ಹಳೆಯ ಪದ್ಧತಿ. ಆಯುಧಪೂಜೆಯ ದಿನ ಕಾರ್ಖಾನೆಗಳು ನೌಕರರ ಕುಟುಂಬಗಳಿಗೆ ಬಾಗಿಲು ತೆರೆಯುವ ರೂಢಿಯಿಂದ, ತಂದೆ ಕೆಲಸ ಮಾಡುವ ಯಂತ್ರವನ್ನು ಮಕ್ಕಳು ಕಣ್ಣಾರೆ ಕಂಡರು. ಕಬ್ಬನ್ ಉದ್ಯಾನದ ಅಂಚಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿರುವ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯೂ, 2001ರಲ್ಲಿ ಆರಂಭವಾದ ಎಚ್.ಎ.ಎಲ್. ವಸ್ತುಸಂಗ್ರಹಾಲಯದ ವಿಮಾನಗಳೂ ಇಂದಿನ ಮಾದರಿಗಾರರಿಗೆ ಹತ್ತಿರದಿಂದ ನೋಡಿ ಕಲಿಯುವ ತಾಣಗಳಾಗಿವೆ.

ಈಗ ಮೂರು ಆಯಾಮದ ಮುದ್ರಣಯಂತ್ರವು ಬಾಗಿಲಿನ ಹಿಡಿಯನ್ನೂ ಚಕ್ರದ ತಟ್ಟೆಯನ್ನೂ ಗಂಟೆಗಳಲ್ಲಿ ಮಾಡಿಕೊಡುತ್ತದೆ. ಆದರೆ ಯಂತ್ರಕ್ಕೂ ಮೊದಲು ಅಳತೆಯನ್ನು ಕೊಡಲೇಬೇಕು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿನಂಥ ನಮ್ಮ ವಾಹನಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿರುವಾಗ, ಮರದ ಪ್ಯಾಟರ್ನುಗಳೂ ನೀಲಿ ನಕ್ಷೆಗಳೂ ಅವುಗಳ ಹಿಂದೆಯೇ ಹೋದರೆ ಮುಂದಿನವರು ಊಹೆಯಿಂದ ಕಟ್ಟಬೇಕಾದೀತು. ಆದ್ದರಿಂದ ಮಾದರಿ ಕಟ್ಟುವ ಪ್ರತಿಯೊಬ್ಬರೂ ತಾವು ಮೂಲ ವಾಹನದಿಂದ ತೆಗೆದುಕೊಂಡ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು ಮಾದರಿಯ ಜೊತೆಗಿಟ್ಟು, ಕೇಳಿದವರಿಗೆ ಅದರ ಪ್ರತಿಯನ್ನು ಕೊಡುವ ರೂಢಿ ಬೆಳೆಯಬೇಕಾಗಿದೆ.