ಹಳೆಯ ಜ್ಞಾನಸ್ನಾನ ಪುಸ್ತಕ ಓದಿದವರಿಗೆ ಎಷ್ಟು ಅಂಕ?



ಸರ್ಟಿಫಿಕೇಟ್ ಬೇಕೆಂದು ಚರ್ಚ್ ಆಫೀಸಿಗೆ ಹೋದರೆ ಫಾದರ್ ದಪ್ಪ ಪುಸ್ತಕ ತೆಗೆದು ನಮ್ಮ ಹೆಸರು ಹುಡುಕುತ್ತಾರಲ್ಲ, ಆ ಪದ್ಧತಿ ಬಹಳ ಹಳೆಯದು. ಮದುವೆಯಾದವರ ಮತ್ತು ಸಾಕ್ಷಿಗಳ ಹೆಸರು, ದಿನ, ಸ್ಥಳ ಬರೆದಿಡುವ ಪುಸ್ತಕ ಪ್ರತಿ ಧರ್ಮಕೇಂದ್ರದ ಗುರುಗಳಲ್ಲಿ ಇರಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ರೋಮಿನಿಂದ ಬೇರೆಯಾಗಿದ್ದ ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ, 1538ರಲ್ಲಿ, ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಇಂಥದೇ ಆಜ್ಞೆ ಹೊರಡಿಸಿದ್ದ. ವಾರದ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ಭಾನುವಾರ ಬರೆಯಬೇಕು. ಪುಸ್ತಕ ಎರಡು ಬೀಗದ ಪೆಟ್ಟಿಗೆಯಲ್ಲಿರಬೇಕು. ಒಂದು ಕೀಲಿ ಗುರುಗಳಿಗೆ, ಇನ್ನೊಂದು ಚರ್ಚಿನ ಮುಖಂಡರಿಗೆ!

ಆ ಇಂಗ್ಲಿಷ್ ಪುಸ್ತಕಗಳು ಈಗ ಇತಿಹಾಸದ ವಿದ್ಯಾರ್ಥಿಗಳಿಗೆ ಅಭ್ಯಾಸಪಾಠ. ಹಳೆಯ ಪುಟ ನೋಡಿ ಅಕ್ಷರಕ್ಕೆ ಅಕ್ಷರ ನಕಲಿಸಬೇಕು, ಅಧ್ಯಾಪಕರು ಅದನ್ನು ತಿದ್ದಬೇಕು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುವ ಪಾಠಗಳನ್ನು ನಾವೂ ಪ್ರಯತ್ನಿಸಿದೆವು. ಮೊದಲ ಸಾಲಿಗೇ ಬೆವರಿಳಿಯಿತು. 'ಸೆಕ್ರೆಟರಿ ಹ್ಯಾಂಡ್' ಎಂಬ ಆ ಕಾಲದ ಬರವಣಿಗೆಯಲ್ಲಿ 'ಸಿ' ನಮಗೆ 'ಆರ್' ಥರ ಕಾಣುತ್ತದೆ, 'ಇ' ತಿರುಗಿ ನಿಂತಿರುತ್ತದೆ, ಉದ್ದ 'ಎಸ್' ಥೇಟ್ 'ಎಫ್'. 'ಎಮ್', 'ಎನ್', 'ಯು' ಒಟ್ಟಿಗೆ ಬಂದರಂತೂ ಬರೀ ಕಡ್ಡಿಗಳ ಸಾಲು.

ಇದಕ್ಕೆ ಅಂಕ ಹೇಗೆ ಕೊಡುವುದು? ಬಿಎಸ್ಸಿ ಓದಿದ ನಮಗೆ ಮೊದಲು ಹೊಳೆದದ್ದು ಲೆಕ್ಕ. ತಪ್ಪಾದ, ಬಿಟ್ಟುಹೋದ, ಹೆಚ್ಚಾದ ಅಕ್ಷರಗಳನ್ನು ಎಣಿಸಿ ಒಟ್ಟು ಅಕ್ಷರಗಳಿಂದ ಭಾಗಿಸಿದರಾಯಿತು. ಕಂಪ್ಯೂಟರ್ ಓದಿದ ಕೈಬರಹವನ್ನು ಹೀಗೆಯೇ ಅಳೆಯುತ್ತಾರೆ. 200 ಅಕ್ಷರಗಳಲ್ಲಿ 10 ತಪ್ಪಾದರೆ ಶೇ. 5.

ಆದರೆ ಒಬ್ಬಳು ಹತ್ತು ಕಡೆಯೂ 'ಯು' ಇದ್ದಲ್ಲಿ 'ವಿ' ಬರೆದಿದ್ದಾಳೆ ಎನ್ನಿ. ಆ ಕಾಲದವರು ಆ ಎರಡನ್ನೂ ನಮ್ಮಂತೆ ಬೇರ್ಪಡಿಸುತ್ತಿರಲಿಲ್ಲ. ಅವಳ ತಪ್ಪನ್ನು ಒಂದೇ ಏಟಿಗೆ ಸರಿಪಡಿಸಬಹುದು. ಇನ್ನೊಬ್ಬನದು ಎರಡೇ ಅಕ್ಷರ ತಪ್ಪು, ಆದರೆ ಎರಡೂ ಮಗುವಿನ ಮನೆತನದ ಹೆಸರಿನಲ್ಲಿ. ಕಾಣದ್ದನ್ನು ಊಹಿಸಿ, ಓದಲು ಚೆನ್ನಾಗಿರುವ ಬೇರೊಂದು ಹೆಸರು ಬರೆದುಬಿಟ್ಟಿದ್ದಾನೆ. ಲೆಕ್ಕದಲ್ಲಿ ಇವನೇ ಮುಂದೆ. ಆದರೆ ಆ ಮಗುವನ್ನು ಹುಡುಕಿ ಬಂದವರಿಗೆ ಅದು ಇನ್ನು ಸಿಗುವುದಿಲ್ಲ, ತಪ್ಪಾಗಿದೆ ಎಂಬ ಸುಳಿವೂ ಇರುವುದಿಲ್ಲ. 'ಇಲ್ಲಿ ಎರಡು ಅಕ್ಷರ ಓದಲಾಗಲಿಲ್ಲ' ಎಂದು ಗುರುತು ಹಾಕಿದವನಿಗೆ ನಾವಾದರೆ ಇವನಿಗಿಂತ ಹೆಚ್ಚು ಅಂಕ ಕೊಡುತ್ತೇವೆ. (ಮಲಯಾಳಕ್ಕೆ ಹೋಗಿ ಬಂದ ನಮ್ಮ ಮನೆಗಳ ರೇಷನ್ ಕಾರ್ಡ್ ಹೆಸರುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ತಾರೀಕಿನದು ಇನ್ನೊಂದು ಪೇಚು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ದೇವದೂತ ಮರಿಯಮ್ಮನವರಿಗೆ ಶುಭಸಂದೇಶ ತಂದ ಹಬ್ಬದಂದು. 1610ರ ಏಪ್ರಿಲಿನಲ್ಲಿ ಮದುವೆ, 1610ರ ಫೆಬ್ರವರಿಯಲ್ಲಿ ಮಗುವಿನ ಜ್ಞಾನಸ್ನಾನ ಎಂದು ಪುಸ್ತಕದಲ್ಲಿದ್ದರೆ ಗಾಬರಿಯಾಗಬೇಡಿ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1611. ಗೊತ್ತಿಲ್ಲದವರು ಆ ತಾಯಿಯ ಮೇಲೆ ಇಲ್ಲದ ಅಪವಾದ ಹೊರಿಸುತ್ತಾರೆ. ಹಾಗೆಂದು ಸದ್ದಿಲ್ಲದೆ 1611 ಎಂದು ತಿದ್ದುವುದೂ ತಪ್ಪೇ. 1610 ಎಂದೇ ಬರೆದು ಪಕ್ಕದಲ್ಲಿ ಆವರಣದೊಳಗೆ 1611 ಎಂದು ಕಾಣಿಸಬೇಕು.

ನಮಗೆ ತುಂಬ ಹಿಡಿಸಿದ್ದು 'ಎಕ್ಸ್‌ಪೋಫರ್' ಎಂಬ ಹೆಸರು. ಆ ಪುಸ್ತಕಗಳಲ್ಲಿ ಇದು ಆಗಾಗ ಸಿಗುತ್ತದೆ. ಇದೆಂಥ ಹೆಸರೆಂದು ನಕ್ಕೆವು. ಆಮೇಲೆ ತಿಳಿಯಿತು, ಮೊದಲ ಎರಡು ಅಕ್ಷರ ಇಂಗ್ಲಿಷಿನವಲ್ಲ. ಅವು ಗ್ರೀಕಿನ ಖೀ ಮತ್ತು ರೋ, ಕ್ರಿಸ್ತರ ಹೆಸರಿನ ಮೊದಲಕ್ಷರಗಳು. ನಮ್ಮ ಪೀಠದ ಬಟ್ಟೆಯ ಮೇಲೆ ಕಸೂತಿ ಹಾಕಿರುವ ಗುರುತೇ ಅದು. ಮಗುವಿನ ಹೆಸರು ಕ್ರಿಸ್ಟೋಫರ್. ಅರ್ಥವಾಗದಿದ್ದರೂ ಇದ್ದದ್ದನ್ನು ಇದ್ದಂತೆ 'ಎಕ್ಸ್‌ಪೋಫರ್' ಎಂದು ಬರೆದ ಹುಡುಗನಿಗೆ ನಮ್ಮ ಕಡೆಯಿಂದ ಅರ್ಧ ಅಂಕವೂ ಕಡಿತವಿಲ್ಲ.