ಹೆಂಡತಿಯ ಬಡ್ಡಿ, ಗಂಡನ ಲೆಕ್ಕ
ನಾನು ಚಾರ್ಟರ್ಡ್ ಅಕೌಂಟೆಂಟ್. ಇತಿಹಾಸವನ್ನೂ ತೆರಿಗೆ ಫಾರಂಗಳಲ್ಲೇ ಓದುವವಳು. ಬ್ರಿಟನ್ನಿನಲ್ಲಿ 1990ರ ಏಪ್ರಿಲ್‌ವರೆಗೆ ಹೆಂಡತಿಯ ಆದಾಯವೆಂದರೆ ತೆರಿಗೆ ಕಾನೂನಿಗೆ ಗಂಡನ ಆದಾಯ. ಇಬ್ಬರೂ ಒಪ್ಪಿ ಬರೆದುಕೊಟ್ಟರೆ ಅವಳ ದುಡಿಮೆಯ ಸಂಬಳವನ್ನು ಬೇರೆ ಮಾಡಿಸಬಹುದಿತ್ತು, ಉಳಿತಾಯದ ಬಡ್ಡಿಯನ್ನಲ್ಲ. ಆಗಲೇ ಇಲ್ಲಿಗೆ ಬಂದಿದ್ದ ಅಕ್ಕಂದಿರಿಗೆ ನೆನಪಿದ್ದೀತು.

ಇದನ್ನು ತೆಗೆದದ್ದು ಥ್ಯಾಚರ್ ಅವರ ಕನ್ಸರ್ವೇಟಿವ್ ಸರ್ಕಾರವೇ. 1988ರ ಬಜೆಟ್‌ನಲ್ಲಿ ನೈಜೆಲ್ ಲಾಸನ್ ಪ್ರಕಟಿಸಿದರು. ಸ್ತ್ರೀವಾದಿಯಾದ ನಾನು ಆ ಶ್ರೇಯವನ್ನು ಅವರ ಖಾತೆಗೇ ಬರೆಯುತ್ತೇನೆ. ಆದರೆ ಖರ್ಚಿನ ಪುಟವೂ ಇದೆಯಲ್ಲ! ದಂಪತಿಗಳಿಗೆಂದು ತಂದ ಹೊಸ ವಿನಾಯಿತಿ ಮೊದಲು ಸಂದದ್ದು ಗಂಡನಿಗೆ. ಸಾಮಾನ್ಯವಾಗಿ ತಾಯಿಯ ಕೈ ಸೇರುತ್ತಿದ್ದ ಚೈಲ್ಡ್ ಬೆನಿಫಿಟ್, 1987ರ ಏಪ್ರಿಲ್‌ನಿಂದ ನಾಲ್ಕು ವರ್ಷ, ಮಗುವೊಂದಕ್ಕೆ ವಾರಕ್ಕೆ 7.25 ಪೌಂಡಿನಲ್ಲೇ ನಿಂತಿತು. ಹಾಲು, ಬ್ರೆಡ್ಡಿನ ಬೆಲೆ ನಿಲ್ಲಲಿಲ್ಲ.