ಕೆ. ಎಸ್. ನಾಗರತ್ನಮ್ಮ: ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರು

ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಕೆ. ಎಸ್. ನಾಗರತ್ನಮ್ಮ. ಅವರ ನಂತರ ಇಂದಿನವರೆಗೂ ಮತ್ತೊಬ್ಬ ಮಹಿಳೆಗೆ ಆ ಪೀಠ ದೊರೆತಿಲ್ಲ.

ಕೇರಳ, ತಮಿಳುನಾಡುಗಳ ಗಡಿಗೆ ಅಂಟಿಕೊಂಡಿರುವ ಗುಂಡ್ಲುಪೇಟೆ ಅವರ ಕ್ಷೇತ್ರ. ಆಗ ಅದು ಮೈಸೂರು ಜಿಲ್ಲೆಗೆ ಸೇರಿತ್ತು. 1957ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆ ಪ್ರವೇಶಿಸಿದ ಅವರನ್ನು ಅಲ್ಲಿನ ಮತದಾರರು ಒಟ್ಟು ಏಳು ಬಾರಿ ಆರಿಸಿದರು.

1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದಾಗ ನಾಗರತ್ನಮ್ಮನವರು ಸಭಾಧ್ಯಕ್ಷರಾದರು. 1978ರವರೆಗೆ ಆ ಹುದ್ದೆಯಲ್ಲಿದ್ದರು. ಅವು ಸಾಮಾನ್ಯ ವರ್ಷಗಳಲ್ಲ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡುವ ನಿರ್ಣಯ 1972ರ ಜುಲೈನಲ್ಲಿ ಅಂಗೀಕಾರವಾದದ್ದು ಅವರ ಅವಧಿಯಲ್ಲೇ. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. ಹೀಗಾಗಿ ಮೈಸೂರು ವಿಧಾನಸಭೆಯ ಕೊನೆಯ ಸಭಾಧ್ಯಕ್ಷರೂ ಕರ್ನಾಟಕ ವಿಧಾನಸಭೆಯ ಮೊದಲ ಸಭಾಧ್ಯಕ್ಷರೂ ಅವರೇ. ಗೇಣಿದಾರರಿಗೆ ಭೂಮಿಯ ಒಡೆತನ ಕೊಟ್ಟ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯೂ ಇದೇ ಸದನದ್ದು. ಸಭಾಧ್ಯಕ್ಷರು ಪಕ್ಷ ವಹಿಸುವಂತಿಲ್ಲ. ಮತಗಳು ಸಮನಾದಾಗ ಮಾತ್ರ ಮತ ಹಾಕಬಹುದು. ಇಂಥ ಕಾಲದಲ್ಲಿ ಆ ಕುರ್ಚಿ ಸುಲಭದ್ದಲ್ಲ.

1978ರ ಚುನಾವಣೆಯ ನಂತರದ ಸದನದಲ್ಲಿ ಅವರಿರಲಿಲ್ಲ. ಪೀಠದಿಂದ ಇಳಿದವರು ಅಲ್ಲಿಗೇ ರಾಜಕೀಯ ಮುಗಿಸುವುದುಂಟು. ನಾಗರತ್ನಮ್ಮನವರು ಹಾಗೆ ಮಾಡಲಿಲ್ಲ. 1983ರಲ್ಲಿ ಮರಳಿ ಗೆದ್ದರು. ಜನತಾ ಪಕ್ಷದ ಆಡಳಿತದಲ್ಲಿ ಕಾಂಗ್ರೆಸ್ಸಿನಿಂದ ವಿಧಾನಸಭೆಯ ವಿರೋಧ ಪಕ್ಷದ ನಾಯಕಿಯಾದರು. ಒಮ್ಮೆ ಎರಡೂ ಕಡೆಯವರಿಗೆ ಮಾತಿನ ಅವಕಾಶ ಹಂಚಿದವರು ಈಗ ಅವಕಾಶ ಕೇಳುವ ಸಾಲಿನಲ್ಲಿದ್ದರು. 1989ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದಾಗ ಸಚಿವೆಯಾದರು.

ಅವರು ನಿಧನರಾದದ್ದು 1993ರಲ್ಲಿ. ಗುಂಡ್ಲುಪೇಟೆ ಮತ್ತೊಬ್ಬ ಮಹಿಳೆಯನ್ನು ವಿಧಾನಸಭೆಗೆ ಕಳುಹಿಸಿದ್ದು 2017ರ ಉಪಚುನಾವಣೆಯಲ್ಲಿ, ಗೀತಾ ಮಹದೇವಪ್ರಸಾದ್ ಅವರನ್ನು.